ಎರಡು ತ್ರಿಕೋನ, ಒಂದು ವೃತ್ತ, ಒಂದು ಬಾಗಿಲು

ಒಂದು ಪುಟ್ಟ ಫಿಲ್ಮ್. ಮಾತಿಲ್ಲ, ಮುಖವಿಲ್ಲ, ಮನುಷ್ಯರೇ ಇಲ್ಲ. ಒಂದು ದೊಡ್ಡ ತ್ರಿಕೋನ, ಒಂದು ಚಿಕ್ಕ ತ್ರಿಕೋನ, ಒಂದು ಪುಟ್ಟ ವೃತ್ತ ಓಡಾಡುತ್ತವೆ. ಪಕ್ಕದಲ್ಲಿ ಒಂದು ಆಯತ. ಅದರ ಗೆರೆಯ ಒಂದು ತುಂಡು ಬಾಗಿಲಿನ ಹಾಗೆ ತೆರೆದು ಮುಚ್ಚುತ್ತದೆ. ಅಷ್ಟೇ. ಅಮೆರಿಕದ ಸ್ಮಿತ್ ಕಾಲೇಜಿನ ಮನೋವಿಜ್ಞಾನಿಗಳಾದ ಫ್ರಿಟ್ಸ್ ಹೈಡರ್ ಮತ್ತು ಮೇರಿಯಾನ್ ಸಿಮೆಲ್ ಇದನ್ನು ಜನರಿಗೆ ತೋರಿಸಿ, ಸಿಕ್ಕ ಫಲಿತಾಂಶವನ್ನು 1944ರಲ್ಲಿ ಪ್ರಕಟಿಸಿದರು.

ಮೊದಲ ಗುಂಪಿನಲ್ಲಿ 34 ಜನ ಇದ್ದರು. ಏನು ನಡೆಯಿತು ಅಂತ ಬರೆಯಿರಿ ಎಂದಷ್ಟೇ ಅವರಿಗೆ ಹೇಳಿದ್ದು. ತ್ರಿಕೋನವನ್ನು ಬರೀ ತ್ರಿಕೋನವಾಗಿ ನೋಡಿದವರು ಒಬ್ಬರೇ ಒಬ್ಬರು! ಉಳಿದವರಿಗೆ ಅಲ್ಲಿ ಜಗಳ ಕಂಡಿತು, ಅಟ್ಟಾಡಿಸುವುದು ಕಂಡಿತು, ತಪ್ಪಿಸಿಕೊಂಡು ಓಡುವುದು ಕಂಡಿತು. ಇನ್ನೊಂದು ಗುಂಪಿಗೆ ಈ ಆಕಾರಗಳೆಲ್ಲ ಎಂಥ ಸ್ವಭಾವದವು ಅಂತ ಕೇಳಿದರು. ದೊಡ್ಡ ತ್ರಿಕೋನ ಜಗಳಗಂಟ, ಚಿಕ್ಕದು ಧೈರ್ಯಶಾಲಿ, ವೃತ್ತ ಪುಕ್ಕಲು ಎಂಬಂಥ ಉತ್ತರಗಳೇ ಜಾಸ್ತಿ ಬಂದವು.

ವೃತ್ತಕ್ಕೆ ಹೆದರಿಕೆ ಎಲ್ಲಿಂದ ಬಂತು? ಅದಕ್ಕೆ ನಡುಗಲು ಮೈಯಿಲ್ಲ, ಅರಳಿಸಲು ಕಣ್ಣಿಲ್ಲ. ಆ ಭಾಗವನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಹೊರಗೆ ಎರಡು ತ್ರಿಕೋನಗಳು ಡಿಕ್ಕಿ ಹೊಡೆದುಕೊಳ್ಳುತ್ತಿವೆ. ವೃತ್ತ ಆಯತದ ಒಳಗೆ ನುಗ್ಗುತ್ತದೆ. ಹಿಂದೆಯೇ ದೊಡ್ಡ ತ್ರಿಕೋನವೂ ಬರುತ್ತದೆ, ಬಾಗಿಲು ಮುಚ್ಚಿಕೊಳ್ಳುತ್ತದೆ. ತ್ರಿಕೋನ ಹತ್ತಿರ ಬಂದಂತೆಲ್ಲ ವೃತ್ತ ಗೋಡೆಯುದ್ದಕ್ಕೂ ಸರಿಯುತ್ತದೆ. ಈಗ ಮನಸ್ಸಿನಲ್ಲೇ ಆ ನಾಲ್ಕು ಗೆರೆಗಳನ್ನು ಅಳಿಸಿ. ಚಲನೆ ಹಾಗೇ ಇರಲಿ. ಬಯಲಿನಲ್ಲಿ ಎರಡು ಆಕಾರಗಳು ಸುಮ್ನೆ ಮುಟ್ಟಾಟ ಆಡುತ್ತಿರಬಹುದು, ಅಲ್ವಾ? ಬಾಗಿಲು ಮುಚ್ಚಿದ್ದರಿಂದಲೇ ಒಬ್ಬರು ಸಿಕ್ಕಿಬಿದ್ದವರು, ಇನ್ನೊಬ್ಬರು ಅಡ್ಡಗಟ್ಟಿದವರು ಆದರು. ಪಾತ್ರ, ಸ್ಥಳ, ಘಟನೆ ಅಂತ ನಾವು ಪಾಠಕ್ಕಾಗಿ ಬೇರೆಬೇರೆ ಪಟ್ಟಿ ಮಾಡುತ್ತೇವೆ. ಇಲ್ಲಿ ನೋಡಿದರೆ ಸ್ಥಳವೇ ಪಾತ್ರದ ಸ್ವಭಾವವನ್ನು ಹೇಳಿಬಿಡುತ್ತದೆ. ಕಥೆ ಬರೆಯುವವರು ಮನೆಯ ವರ್ಣನೆಗೆ ಎರಡು ಪುಟ ಖರ್ಚು ಮಾಡುವ ಮೊದಲು ಇದನ್ನೊಮ್ಮೆ ನೋಡಬೇಕು ಅಂತ ನನಗನಿಸುತ್ತದೆ. ಅವರ ಮನೆಯ ಬಾಗಿಲು ಯಾರನ್ನಾದರೂ ತಡೆಯುತ್ತದೆಯೇ?

ಮೂರನೇ ಗುಂಪಿಗೆ ಅದೇ ಫಿಲ್ಮನ್ನು ಕೊನೆಯಿಂದ ಮೊದಲಿಗೆ ಓಡಿಸಿದರು. ಅವರೂ ಕಥೆಯನ್ನೇ ಕಂಡರು, ಆದರೆ ಒಬ್ಬರ ಕಥೆ ಇನ್ನೊಬ್ಬರದಕ್ಕೆ ಅಷ್ಟಾಗಿ ಹೊಂದಲಿಲ್ಲ. ಆಕಾರ ಅವೇ, ಮನೆ ಅದೇ. ಯಾವುದು ಮೊದಲು, ಯಾವುದು ಆಮೇಲೆ ಅನ್ನುವುದು ಬದಲಾದ ಕೂಡಲೇ ಯಾರು ಯಾಕೆ ಹಾಗೆ ಮಾಡಿದರು ಎಂಬುದೂ ಸಡಿಲವಾಯಿತು.

ಕಾಲ ಇನ್ನೂ ಸಣ್ಣ ಅಳತೆಯಲ್ಲೂ ಇದೇ ಕೆಲಸ ಮಾಡುತ್ತದೆ. ಬೆಲ್ಜಿಯಂನ ಮನೋವಿಜ್ಞಾನಿ ಆಲ್ಬರ್ಟ್ ಮಿಶೋಟ್ 1946ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಒಂದು ಚೌಕ ಇನ್ನೊಂದನ್ನು ಮುಟ್ಟುತ್ತದೆ. ಎರಡನೆಯದು ತಕ್ಷಣ ಹೊರಟರೆ 'ತಳ್ಳಿತು' ಅನ್ನುತ್ತೇವೆ. ಸೆಕೆಂಡಿನ ಐದನೇ ಒಂದು ಭಾಗದಷ್ಟು ತಡವಾದರೂ ಸಾಕು, ಎರಡನೆಯದು ತಾನಾಗಿಯೇ ಹೊರಟಂತೆ ಕಾಣುತ್ತದೆ.

ಇಷ್ಟೆಲ್ಲ ಕಟ್ಟಿಕೊಡುವ ಮಿದುಳಿನಲ್ಲೇ ಒಂದು ಭಾಗ ಕೈಕೊಟ್ಟರೆ? ಭಯದಂಥ ಭಾವನೆಗಳಲ್ಲಿ ಮುಖ್ಯ ಪಾತ್ರ ವಹಿಸುವ ಅಮಿಗ್ಡಾಲ ಎರಡೂ ಬದಿ ಹಾಳಾಗಿದ್ದ ಮಹಿಳೆಯೊಬ್ಬರಿಗೆ ಹೈಡರ್–ಸಿಮೆಲ್ ಫಿಲ್ಮ್ ತೋರಿಸಿದ ಅಧ್ಯಯನ 2004ರಲ್ಲಿ ಬಂತು. ಆಕೆಗೆ ಆಕಾರಗಳು ಸರಿಯಾಗಿಯೇ ಕಾಣುತ್ತಿದ್ದವು. ಆದರೂ ತಾನಾಗಿ ವಿವರಿಸುವಾಗ ಆಕೆ ಹೇಳಿದ್ದು ಹೆಚ್ಚಾಗಿ ಆಕಾರ ಮತ್ತು ಚಲನೆಯ ಮಾತೇ. ಜಗಳವೂ ಇರಲಿಲ್ಲ, ಹೆದರಿ ಓಡಿದವರೂ ಇರಲಿಲ್ಲ.