ಸಹಿ ಹುಡುಕುತ್ತಾ ಅಪೀಲಿನ ದಿನ ಕಳೆಯಬೇಡಿ

ಜಜ್‌ಮೆಂಟಿನ ನಕಲು ಕೈಗೆ ಬಂದ ಕೂಡಲೇ ನಮ್ಮ ಬಾಗಲಕೋಟೆ ಕಡೆಯ ಕಕ್ಷಿದಾರರು ತಿರುವುವುದು ಕೊನೆಯ ಪುಟ. ಯಾಕೆ ಸೋತೆವು ಅಂತ ಓದುವುದಿಲ್ಲ, ಸಹಿ ಹುಡುಕುತ್ತಾರೆ. ಅಲ್ಲಿ ‘ಸಹಿ/-’ ಅಂತ ಟೈಪ್ ಆಗಿರುತ್ತದೆ, ಅಷ್ಟೇ. “ಸಾಹೇಬ್ರ, ಜಡ್ಜ್ ಸಹೀನ ಮಾಡಿಲ್ರಿ! ಈ ತೀರ್ಪು ನಡಿಯೂದಿಲ್ಲ, ಹೌದಲ್ರಿ?”

ನಡೆಯುತ್ತದೆ. ನ್ಯಾಯಾಧೀಶರು ಸಹಿ ಮಾಡುವುದು ಮೂಲ ತೀರ್ಪಿಗೆ. ಅದು ಕೋರ್ಟಿನ ಕಡತದಲ್ಲೇ ಉಳಿಯುತ್ತದೆ. ನಿಮಗೆ ಸಿಕ್ಕಿದ್ದು ದೃಢೀಕೃತ ನಕಲು. ಅದರ ಮೇಲೆ ಕೋರ್ಟಿನ ಸೀಲು, ದೃಢೀಕರಿಸಿದವರ ಸಹಿ ಇದ್ದರೆ ಸಾಕು. ಇದನ್ನು ಹೇಳಿ ಹೇಳಿ ನನಗೆ ಸಾಕಾಗಿದೆ.

ಜಮಖಂಡಿ ಕಡೆಯ ಒಬ್ಬ ಕಾಕಾ ಇನ್ನೂ ಒಂದು ಹೆಜ್ಜೆ ಮುಂದೆ. ಪಾಲಿನ ದಾವೆ, ಗೆದ್ದಿದ್ದು ತಮ್ಮ. ತಮ್ಮನ ಕೈಫಿಯತ್ತಿನ, ಅಂದರೆ ದಾವೆಗೆ ಕೊಟ್ಟ ಲಿಖಿತ ಉತ್ತರದ, ಒಂದು ಪುಟದಲ್ಲಿ ಸಹಿ ಬಿಟ್ಟುಹೋಗಿತ್ತು. ಕಾಕಾ ಅದಕ್ಕೆ ಕೆಂಪು ಪೆನ್ನಿನಲ್ಲಿ ಗುಂಡು ಹಾಕಿಕೊಂಡು ಊರೆಲ್ಲ ತೋರಿಸಿದ್ದರು. ಕಟ್ಟೆಯ ಮೇಲೆ ಕೂತವರೆಲ್ಲ “ಕೇಸ್ ನೀನ ಗೆದ್ದಿ ಬಿಡೊ” ಅಂದಿದ್ದರು.

ಸಿವಿಲ್ ಪ್ರಕ್ರಿಯಾ ಸಂಹಿತೆಯ 99ನೇ ಕಲಂ ಇರುವುದೇ ಇಂಥದ್ದಕ್ಕೆ. ನಡಾವಳಿಯಲ್ಲಿ ಒಂದು ತಪ್ಪಾಗಿದೆ ಅಂತ ಅಪೀಲು ಕೋರ್ಟು ಡಿಕ್ರಿಯನ್ನು, ಅಂದರೆ ತೀರ್ಪಿನಂತೆ ಹೊರಟ ಆದೇಶವನ್ನು, ತಿರುಗಿಸುವುದಿಲ್ಲ. ಆ ತಪ್ಪಿನಿಂದ ಕೇಸಿನ ತಿರುಳಿಗೋ ಕೋರ್ಟಿನ ಅಧಿಕಾರಕ್ಕೋ ಪೆಟ್ಟು ಬಿದ್ದಿರಬೇಕು. ಅಗತ್ಯವಾದ ಪಕ್ಷಕಾರರನ್ನೇ ಬಿಟ್ಟಿದ್ದರೆ ಮಾತು ಬೇರೆ. ಸಹಿ ಬಿದ್ದಿದ್ದರೆ ತೀರ್ಪು ಬೇರೆ ಬರುತ್ತಿತ್ತಾ? ಇಲ್ಲ ಅಲ್ವಾ? ಹಾಗಾದರೆ ಬಿಡಿ.

“ಹಂಗಾದ್ರ ಕಾಯ್ದೆ ಯಾಕ ಮಾಡ್ಯಾರ್ರಿ?” ಅಂದರು ಕಾಕಾ. ನ್ಯಾಯವಾದ ಪ್ರಶ್ನೆಯೇ. ಸಹಿ ಬೇಕು, ನಿಜ. ಬಿಟ್ಟುಹೋಗಿದ್ದರೆ ಕೆಳಗಿನ ಕೋರ್ಟಿನಲ್ಲೇ ಹೇಳಬೇಕಿತ್ತು. ತಮ್ಮ ಅಲ್ಲೇ ಸಹಿ ಮಾಡಿ ಸರಿಪಡಿಸುತ್ತಿದ್ದ.

ಇದೇ ಉದಾರತೆ ನಿಮಗೂ ಸಿಗುತ್ತದೆ, ಮರೆಯಬೇಡಿ. ಅಪೀಲು ಅರ್ಜಿಗೆ ಅಪೀಲುದಾರರದೋ ವಕೀಲರದೋ ಸಹಿ ಇರಬೇಕು. ಅದರಲ್ಲೋ, ವಕೀಲರನ್ನು ನೇಮಿಸುವ ವಕಾಲತ್ತಿನಲ್ಲೋ ಕೊರತೆ ಇದ್ದರೆ ಸರಿಪಡಿಸಲು ಅವಕಾಶ ಕೊಡಬೇಕು ಅಂತ ಸುಪ್ರೀಂ ಕೋರ್ಟು 2005ರಲ್ಲಿ ಉದಯ್ ಶಂಕರ್ ತ್ರಿಯಾರ್ ಪ್ರಕರಣದಲ್ಲಿ ಹೇಳಿದೆ. ಆದರೆ ಆಕ್ಷೇಪಣೆ ಬಂದ ಮೇಲೂ ಸುಮ್ನೆ ಕೂತರೆ, ಬೇಕಂತಲೇ ಬಿಟ್ಟಿದ್ದರೆ, ಅಥವಾ ನಿಮಗೆ ಗೊತ್ತೇ ಇಲ್ಲದೆ ಯಾರೋ ಅಪೀಲು ಹಾಕಿದ್ದರೆ ಆ ರಕ್ಷಣೆ ಇಲ್ಲ.

ಕಾಕಾನಿಗೆ ನಿಜವಾದ ಪೆಟ್ಟು ಬಿದ್ದದ್ದು ಬೇರೆ ಕಡೆ: ಅಪೀಲಿನ ಅವಧಿಯೇ ಮೀರಿಹೋಗಿತ್ತು. ಜಿಲ್ಲಾ ಕೋರ್ಟಿಗೆ ಅಪೀಲು ಹಾಕಲು 30 ದಿನ. ಧಾರವಾಡದ ಹೈಕೋರ್ಟ್ ಪೀಠಕ್ಕೆ ಆದರೆ 90. ನಕಲು ತಯಾರಾಗಲು ಹಿಡಿದ ದಿನ ಲೆಕ್ಕದಿಂದ ಕಳೆಯುತ್ತಾರೆ. ತಯಾರಾದ ಮೇಲೂ ನೀವು ಒಯ್ಯದೆ ಬಿಟ್ಟ ದಿನ ಕಳೆಯುವುದಿಲ್ಲ. ಕಟ್ಟೆಯ ಮೇಲೆ ಚರ್ಚೆ ಮಾಡಿದ ದಿನವಂತೂ ಇಲ್ಲವೇ ಇಲ್ಲ. ವಿಳಂಬ ಮನ್ನಾ ಅರ್ಜಿಯಲ್ಲಿ ಒಪ್ಪುವಂಥ ಕಾರಣ ಬರೆಯಬೇಕು. ಆ ಕೆಂಪು ಗುಂಡನ್ನು ಕಾರಣ ಅಂತ ಬರೆಯಲು ನನಗಂತೂ ಧೈರ್ಯವಿರಲಿಲ್ಲ. ಆಸ್ಪತ್ರೆಗೆ ಹೋಗಿದ್ದಿರೇನು ಅಂತ ಕೇಳಿದೆ. “ಗಟ್ಟಿಮುಟ್ಟ ಅದೀನ್ರಿ!” ಅಂದರು, ಹೆಮ್ಮೆಯಿಂದ.

ಇಷ್ಟು ಹೇಳಿದರೂ, ಸಹಿ ಇಲ್ಲದಿರುವುದು ಬೇರೆ, ಇರುವ ಸಹಿ ಖೊಟ್ಟಿ, ಅಂದರೆ ನಕಲಿ, ಅನ್ನುವುದು ಬೇರೆ. ಖೊಟ್ಟಿ ಅನ್ನುವ ಅನುಮಾನ ಇದ್ದರೆ ಬನ್ನಿ. ಮೂಲ ಕಡತ ನೋಡುವವರೆಗೆ ನಾನು ಏನೂ ಹೇಳುವುದಿಲ್ಲ.