ಮುಲ್ಲಪೆರಿಯಾರ್: ಉಳಿಸುವುದೋ, ತೆಗೆಯುವುದೋ ಎಂಬ ಪ್ರಶ್ನೆಯ ಹಿನ್ನೆಲೆ

ಕೇರಳದ ಇಡುಕ್ಕಿ ಜಿಲ್ಲೆಯ ದಟ್ಟ ಕಾಡಿನಲ್ಲಿ, ಮುಲ್ಲಯಾರ್ ಮತ್ತು ಪೆರಿಯಾರ್ ನದಿಗಳು ಕೂಡುವಲ್ಲಿ 1895ರಿಂದ ನಿಂತಿರುವ ಮುಲ್ಲಪೆರಿಯಾರ್ ಅಣೆಕಟ್ಟೆಯ ವಿವಾದವನ್ನು ಪತ್ರಿಕೆಗಳಲ್ಲಿ ಓದುತ್ತಾ ಬಂದವರಿಗೆ ಮೂರು ಅಂಕಿಗಳು ಬಾಯಿಪಾಠವಾಗಿರುತ್ತವೆ: 136, 142 ಮತ್ತು 152. ಜಲಾಶಯದಲ್ಲಿ ಎಷ್ಟು ಅಡಿಯವರೆಗೆ ನೀರು ನಿಲ್ಲಿಸಬಹುದು ಎಂಬುದರ ಲೆಕ್ಕವಿದು. 136 ಅಡಿ ದಾಟಬಾರದು ಎಂದು ಕೇರಳ ವಾದಿಸುತ್ತಾ ಬಂದಿದೆ, ಸುಪ್ರೀಂ ಕೋರ್ಟ್ 142ಕ್ಕೆ ಅನುಮತಿ ಕೊಟ್ಟಿದೆ, ಮೂಲ ವಿನ್ಯಾಸದ 152 ಅಡಿ ತನಗೆ ಮರಳಿ ಸಿಗಬೇಕೆಂದು ತಮಿಳುನಾಡು ಕೇಳುತ್ತಿದೆ. ಈ ಅಡಿಗಳ ಜಗಳದ ತಳದಲ್ಲಿ ಇನ್ನೂ ದೊಡ್ಡ ಬೇಡಿಕೆಯೊಂದಿದೆ. ಹಳೆಯ ಕಟ್ಟೆಯನ್ನು ಸೇವೆಯಿಂದ ತೆಗೆದುಹಾಕಿ, ನದಿಯಲ್ಲಿ ಅದಕ್ಕಿಂತ ಕೆಳಗೆ ಹೊಸದನ್ನು ಕಟ್ಟಬೇಕೆಂಬುದು ಕೇರಳದ ಬಹುಜನರ ಒತ್ತಾಯ. ನಾಲ್ಕನೆಯ ಅಂಕಿಯೊಂದಿದೆ, 104. ಅದರ ಕುರಿತು ಮಾತು ಕಡಿಮೆ. ನನ್ನ ಮಟ್ಟಿಗೆ ವಿವಾದದ ಗಂಟು ಇರುವುದು ಅಲ್ಲಿಯೇ, ಆದರೆ ಅಲ್ಲಿಗೆ ತಲುಪಲು ಮೊದಲಿನಿಂದ ಬರಬೇಕು.

ಪೆರಿಯಾರ್ ಪಶ್ಚಿಮಕ್ಕೆ ಹರಿದು ಅರಬ್ಬೀ ಸಮುದ್ರ ಸೇರುವ ನದಿ. ಘಟ್ಟದ ಪೂರ್ವಕ್ಕೆ ಮಳೆ ನೆರಳಿನಲ್ಲಿರುವ ಮಧುರೆ ಸೀಮೆಯ ವೈಗೈ ನದಿ ಬೇಸಿಗೆಯಲ್ಲಿ ಬತ್ತಿ ಮರಳಾಗುತ್ತಿತ್ತು. ಪಶ್ಚಿಮದ ನೀರನ್ನು ಪೂರ್ವಕ್ಕೆ ತಿರುಗಿಸಬೇಕೆಂಬ ಯೋಚನೆ ರಾಮನಾಥಪುರದ ಪ್ರಧಾನಿ ಮುತ್ತಿರುಳಪ್ಪ ಪಿಳ್ಳೆಯವರ ಕಾಲದಿಂದ, ಅಂದರೆ ಹದಿನೆಂಟನೆಯ ಶತಮಾನದ ಕೊನೆಯಿಂದ, ಇತ್ತು. ಬ್ರಿಟಿಷ್ ಅಧಿಕಾರಿಗಳು ಹಲವು ಬಾರಿ ಸ್ಥಳ ನೋಡಿ ಬಂದು ಕೈಬಿಟ್ಟಿದ್ದರು. ಯೋಜನೆಗೆ ಕೊನೆಗೂ ಜೀವ ಬಂದದ್ದು 1876–78ರ ಮಹಾಕ್ಷಾಮದ ನಂತರ. ನಮ್ಮ ಹಳೆಯ ಮೈಸೂರಿನಲ್ಲಿ ಧಾತು ಈಶ್ವರದ ಬರ ಎಂದು ಅಜ್ಜಂದಿರು ನೆನೆಯುತ್ತಿದ್ದ ಅದೇ ಬರವನ್ನು ತಮಿಳರು ಧಾತು ವರ್ಷದ ಬರ ಎನ್ನುತ್ತಾರೆ.

1886ರ ಅಕ್ಟೋಬರ್ 29ರಂದು ತಿರುವಾಂಕೂರು ಸಂಸ್ಥಾನವೂ ಬ್ರಿಟಿಷ್ ಸರ್ಕಾರವೂ ಗುತ್ತಿಗೆ ಕರಾರಿಗೆ ಸಹಿ ಹಾಕಿದವು. ಸುಮಾರು 8,000 ಎಕರೆ ಜಮೀನು, ಎಕರೆಗೆ ವರ್ಷಕ್ಕೆ 5 ರೂಪಾಯಿ ಬಾಡಿಗೆ, ಅವಧಿ 999 ವರ್ಷ. ಲೆಕ್ಕ ಹಾಕಿದರೆ ಅದು ಮುಗಿಯುವುದು 2885ರಲ್ಲಿ. ಸಾರ್ವಭೌಮ ಸರ್ಕಾರದ ಮುಂದೆ ಸಾಮಂತ ಸಂಸ್ಥಾನವೊಂದು ಎಷ್ಟು ಸ್ವತಂತ್ರವಾಗಿ ಸಹಿ ಹಾಕಿರಲು ಸಾಧ್ಯ ಎಂಬ ಕೇರಳದ ಪ್ರಶ್ನೆ ನ್ಯಾಯವಾದದ್ದೇ. ಆದರೆ ಆ ಕರಾರನ್ನು ನಂಬಿ ನಾಲ್ಕಾರು ತಲೆಮಾರು ಗದ್ದೆ ಮಾಡಿದ ರೈತನಿಗೆ ಆ ಪ್ರಶ್ನೆಯಿಂದ ಉತ್ತರ ಸಿಗುವುದಿಲ್ಲ.

ಕಟ್ಟೆ ಕಟ್ಟಿದವರು ಕರ್ನಲ್ ಜಾನ್ ಪೆನ್ನಿಕ್ವಿಕ್ ಎಂಬ ಎಂಜಿನಿಯರ್. 1887ರಲ್ಲಿ ಕೆಲಸ ಶುರುವಾಯಿತು. ಕಾಡುಜ್ವರ, ಕಾಲರಾ, ಆನೆಗಳ ಕಾಟ, ಕಟ್ಟಿದ್ದನ್ನು ಕೊಚ್ಚಿಕೊಂಡು ಹೋಗುತ್ತಿದ್ದ ಪ್ರವಾಹ, ಇವೆಲ್ಲದರ ನಡುವೆ ನೂರಾರು ಕೂಲಿಕಾರರು ಅಲ್ಲಿ ಪ್ರಾಣ ಬಿಟ್ಟರು. 1895ರ ಅಕ್ಟೋಬರ್‌ನಲ್ಲಿ ಮದ್ರಾಸ್ ಗವರ್ನರ್ ಉದ್ಘಾಟಿಸಿದ ಈ ಕಟ್ಟೆಯ ಎತ್ತರ ಬುನಾದಿಯಿಂದ 176 ಅಡಿ, ಉದ್ದ ಸುಮಾರು 1,200 ಅಡಿ. ಪಕ್ಕದಲ್ಲೇ ಒಂದು ಚಿಕ್ಕ ಕಟ್ಟೆ ಇದೆ, ಅದನ್ನು ಎಲ್ಲರೂ ಬೇಬಿ ಡ್ಯಾಮ್ ಎಂದೇ ಕರೆಯುತ್ತಾರೆ. ಸಿಮೆಂಟ್ ನಮ್ಮಲ್ಲಿ ಇನ್ನೂ ವ್ಯಾಪಕ ಬಳಕೆಗೆ ಬಾರದಿದ್ದ ಆ ಕಾಲದಲ್ಲಿ ಕಲ್ಲನ್ನು ಹಿಡಿದಿಟ್ಟದ್ದು ಸುಣ್ಣಕ್ಕೆ ಸುಟ್ಟ ಇಟ್ಟಿಗೆಯ ಪುಡಿ ಬೆರೆಸಿ ಅರೆದ ಸುರ್ಕಿ ಗಾರೆ. ಕನ್ನಡಿಗರಿಗೆ ಈ ಹೆಸರು ಹೊಸದಲ್ಲ, ಕನ್ನಂಬಾಡಿ ಕಟ್ಟೆಯೂ ಸುರ್ಕಿಯದೇ. ಈ ಗಾರೆ ನಿಧಾನವಾಗಿ ಗಟ್ಟಿಯಾಗುತ್ತದೆ, ವರ್ಷಗಟ್ಟಲೆ ಬಲಗೊಳ್ಳುತ್ತಲೇ ಹೋಗುತ್ತದೆ. ಆದರೆ ಕಟ್ಟೆಯ ಮೈಯೊಳಗೆ ನೀರು ಜಿನುಗುವ ದಾರಿ ಮಾಡಿಕೊಂಡರೆ ಅದೇ ನೀರು ಸುಣ್ಣವನ್ನು ಕರಗಿಸಿ ಹೊರಗೆ ತರುತ್ತದೆ, ಒಳಗೆ ಸಣ್ಣ ಸಣ್ಣ ಪೊಳ್ಳುಗಳು ಉಳಿಯುತ್ತವೆ. ಕೇರಳದ ಆತಂಕದ ಎಂಜಿನಿಯರಿಂಗ್ ಮೂಲ ಇದು.

ಇನ್ನೊಂದು ಅಚ್ಚರಿಯ ಕೆಲಸ ಸುರಂಗದ್ದು. ಜಲಾಶಯದ ತೇಕ್ಕಡಿ ಕಡೆಯ ತುದಿಯಿಂದ ಘಟ್ಟದ ಬಂಡೆಯನ್ನು ಒಂದು ಮೈಲಿಗೂ ಹೆಚ್ಚು ಉದ್ದ ಕೊರೆದು, ನೀರನ್ನು ಪೂರ್ವದ ಇಳಿಜಾರಿಗೆ ಬಿಡಲಾಯಿತು. ಆ ನೀರು ಕಂಬಂ ಕಣಿವೆಗೆ ಇಳಿದು, ಮುಂದೆ ವೈಗೈ ಸೇರಿ, ತೇನಿ, ದಿಂಡಿಗಲ್, ಮಧುರೆ, ಶಿವಗಂಗೆ, ರಾಮನಾಥಪುರ ಜಿಲ್ಲೆಗಳನ್ನು ತಲುಪುತ್ತದೆ. ಕಂಬಂ ಕಣಿವೆಯಲ್ಲಿ ಎರಡು ಬೆಳೆ ಭತ್ತ ಸಾಧ್ಯವಾದದ್ದು ಈ ನೀರಿನಿಂದ. ಶತಮಾನಗಳ ಹಿಂದೆ ವಲಸೆ ಹೋಗಿ ಇಂದಿಗೂ ಮನೆಯೊಳಗೆ ಕನ್ನಡ ಮಾತನಾಡುವ ಒಕ್ಕಲಿಗ ಕುಟುಂಬಗಳು ಆ ಕಣಿವೆಯಲ್ಲಿವೆ. ಅಲ್ಲಿನ ಹಳ್ಳಿಗಳಲ್ಲಿ ಪೆನ್ನಿಕ್ವಿಕ್ ಅವರ ಫೋಟೋಗೆ ಹಾರ ಹಾಕುತ್ತಾರೆ, ಜನವರಿ 15ರ ಅವರ ಹುಟ್ಟುಹಬ್ಬಕ್ಕೆ ಪೊಂಗಲ್ ಇಡುತ್ತಾರೆ. ಕಟ್ಟೆ ತೆಗೆಯಬೇಕೆಂಬ ಮಾತು ಆ ಮನೆಗಳಲ್ಲಿ ಹೇಗೆ ಕೇಳಿಸುತ್ತದೆ ಎಂಬುದನ್ನು ಊಹಿಸಿಕೊಳ್ಳದೆ ಈ ವಿವಾದವನ್ನು ಅರ್ಥ ಮಾಡಿಕೊಳ್ಳಲಾಗದು.

ಹೀಗೆ ಕಟ್ಟೆ ನಿಂತಿರುವ ನೆಲ ಕೇರಳದ್ದು, ಅದರ ಅಪಾಯವೇನಿದ್ದರೂ ಕೇರಳದ ತಗ್ಗಿಗೆ, ಆದರೆ ಕಟ್ಟೆಯ ಒಡೆತನ, ನಿರ್ವಹಣೆ ಮತ್ತು ನೀರು ತಮಿಳುನಾಡಿನವು. ಈ ನೀರನ್ನು ಕೃಷಿಗೆ ಬಳಸಬಹುದೇ ಹೊರತು ವಿದ್ಯುತ್ತಿಗೆ ಅಲ್ಲ ಎಂದು ಮಧ್ಯಸ್ಥರು 1941ರಲ್ಲಿ ತಿರುವಾಂಕೂರಿನ ಪರ ತೀರ್ಪು ಕೊಟ್ಟಿದ್ದರು. ಸ್ವಾತಂತ್ರ್ಯಾನಂತರ ಘಟ್ಟದ ಬುಡದಲ್ಲಿ ವಿದ್ಯುದಾಗಾರ ಎದ್ದಿತು, 1970ರ ಪೂರಕ ಒಪ್ಪಂದ ಅದನ್ನು ಕ್ರಮಬದ್ಧಗೊಳಿಸಿ ಎಕರೆ ಬಾಡಿಗೆಯನ್ನು 30 ರೂಪಾಯಿಗೆ ಏರಿಸಿತು. ಆವರೆಗೆ ಜಗಳವೆಲ್ಲ ಹಣ ಮತ್ತು ಹಕ್ಕಿನದು. ಕಟ್ಟೆ ಒಡೆದೀತೆಂಬ ಭಯ ಆಮೇಲೆ ಬಂದದ್ದು.

1979ರ ಆಗಸ್ಟ್ 11ರಂದು ಗುಜರಾತಿನ ಮಚ್ಛು ಅಣೆಕಟ್ಟು ಒಡೆದು ಮೋರ್ಬಿ ಪಟ್ಟಣವನ್ನು ಮುಳುಗಿಸಿತು, ಸಾವಿರಾರು ಜನ ಸತ್ತರು. ಆ ಸುದ್ದಿಯ ಬೆನ್ನಲ್ಲೇ ಮುಲ್ಲಪೆರಿಯಾರ್‌ನ ಸೋರಿಕೆಯ ಬಗ್ಗೆ ಕೇರಳದಲ್ಲಿ ಗಾಬರಿ ಎದ್ದಿತು. ಕೇಂದ್ರ ಜಲ ಆಯೋಗದ ಸೂಚನೆಯಂತೆ ನೀರಿನ ಮಟ್ಟವನ್ನು 136 ಅಡಿಗೆ ಇಳಿಸಲಾಯಿತು. ಅದು ತಾತ್ಕಾಲಿಕ ಕ್ರಮವಾಗಿತ್ತು. ಮುಂದಿನ ವರ್ಷಗಳಲ್ಲಿ ಕಟ್ಟೆಯ ತಲೆಯ ಮೇಲೆ ಕಾಂಕ್ರೀಟಿನ ಭಾರ ಹೇರಲಾಯಿತು, ಉಕ್ಕಿನ ಕೇಬಲ್‌ಗಳನ್ನು ಕಟ್ಟೆಯ ಮೂಲಕ ಬುನಾದಿಯ ಬಂಡೆಗೆ ಇಳಿಸಿ ಬಿಗಿಯಲಾಯಿತು, ಹಿಂಬದಿಗೆ ಕಾಂಕ್ರೀಟಿನ ಆಸರೆ ಕಟ್ಟಲಾಯಿತು, ಕೋಡಿಯ ಗೇಟುಗಳನ್ನು ಹತ್ತರಿಂದ ಹದಿಮೂರಕ್ಕೆ ಹೆಚ್ಚಿಸಲಾಯಿತು. ಬಲಪಡಿಸಿದ ಮೇಲೆ ಹಳೆಯ ಮಟ್ಟ ಮರಳಬೇಕು ಎಂಬುದು ತಮಿಳುನಾಡಿನ ಸರಳ ತರ್ಕ. ಇಂದಿನ ಕಟ್ಟೆ 1895ರ ಬರೀ ಸುರ್ಕಿ ಕಟ್ಟೆಯಾಗಿ ಉಳಿದಿಲ್ಲ ಎಂಬುದೂ ನಿಜ. ಹೊಸ ಕಾಂಕ್ರೀಟು ಹಳೆಯ ಗಾರೆಯೊಂದಿಗೆ ಒಂದೇ ಮೈಯಾಗಿ ಕೆಲಸ ಮಾಡುತ್ತದೆಯೇ ಎಂಬುದರಲ್ಲಿ ಮಾತ್ರ ಕೇರಳದ ತಜ್ಞರಿಗೆ ನಂಬಿಕೆ ಬರಲಿಲ್ಲ.

ಆಮೇಲಿನದು ನ್ಯಾಯಾಲಯದ ಕಥೆ. 2006ರ ಫೆಬ್ರುವರಿ 27ರಂದು ಸುಪ್ರೀಂ ಕೋರ್ಟ್ 142 ಅಡಿಗೆ ಅನುಮತಿ ಕೊಟ್ಟಿತು. ತಿಂಗಳು ಕಳೆಯುವ ಮೊದಲೇ ಕೇರಳ ವಿಧಾನಸಭೆ ಕಾನೂನು ತಿದ್ದಿ 136 ಅಡಿಯನ್ನೇ ಗರಿಷ್ಠ ಮಿತಿಯಾಗಿ ನಮೂದಿಸಿತು. ತಮಿಳುನಾಡು ಮತ್ತೆ ಕೋರ್ಟಿಗೆ ಹೋಯಿತು. ಕೇರಳ ಮಾಡಿಸಿದ ಐಐಟಿ ಅಧ್ಯಯನಗಳು ಬಲವಾದ ಭೂಕಂಪ ಅಥವಾ ಅತಿ ದೊಡ್ಡ ಪ್ರವಾಹವನ್ನು ಕಟ್ಟೆ ತಾಳಲಾರದು ಎಂದವು. ನಿವೃತ್ತ ಮುಖ್ಯ ನ್ಯಾಯಮೂರ್ತಿ ಎ.ಎಸ್. ಆನಂದ್ ನೇತೃತ್ವದ ಉನ್ನತಾಧಿಕಾರ ಸಮಿತಿ 2012ರಲ್ಲಿ ಅದಕ್ಕೆ ವ್ಯತಿರಿಕ್ತವಾಗಿ, ರಚನೆ, ಪ್ರವಾಹ, ಭೂಕಂಪ ಮೂರೂ ದೃಷ್ಟಿಯಿಂದ ಕಟ್ಟೆ ಸುರಕ್ಷಿತ ಎಂದು ವರದಿ ಕೊಟ್ಟಿತು. 2014ರ ಮೇ 7ರಂದು ಸಂವಿಧಾನ ಪೀಠ ಕೇರಳದ ತಿದ್ದುಪಡಿಯನ್ನು ಈ ಕಟ್ಟೆಯ ಮಟ್ಟಿಗೆ ಅಸಿಂಧುಗೊಳಿಸಿ, 1886ರ ಕರಾರು ಕೇರಳಕ್ಕೂ ಬದ್ಧ ಎಂದಿತು, ಮೂವರ ಮೇಲ್ವಿಚಾರಣಾ ಸಮಿತಿಯನ್ನು ನೇಮಿಸಿತು. ಅದೇ ವರ್ಷದ ನವೆಂಬರ್‌ನಲ್ಲಿ, ಮೂವತ್ತೈದು ವರ್ಷಗಳ ನಂತರ, ನೀರು 142 ಅಡಿ ಮುಟ್ಟಿತು.

ತೀರ್ಪಿನಿಂದ ಕಾನೂನಿನ ಪ್ರಶ್ನೆ ಬಗೆಹರಿಯಿತು, ನದಿಯ ಕೆಳಗಿನ ಊರುಗಳ ನಿದ್ದೆ ಮರಳಲಿಲ್ಲ. ಮುಲ್ಲಪೆರಿಯಾರ್ ಒಡೆದರೂ ಕೆಳಗಿರುವ ಇಡುಕ್ಕಿ ಜಲಾಶಯ ಆ ನೀರನ್ನು ಹಿಡಿದುಕೊಳ್ಳುತ್ತದೆ ಎಂಬುದು ತಮಿಳುನಾಡಿನ ಹಳೆಯ ವಾದ. ಲೆಕ್ಕಕ್ಕೆ ಅದು ಸರಿ ಕಾಣುತ್ತದೆ: ಒಂದರದು ಸುಮಾರು 15 ಟಿಎಂಸಿ ಅಡಿ, ಇನ್ನೊಂದರದು 70ರಷ್ಟು. ಆದರೆ ಮುಂಗಾರಿನಲ್ಲಿ ಇಡುಕ್ಕಿಯೇ ತುಂಬಿ ನಿಂತಿದ್ದರೆ ಆ ಲೆಕ್ಕ ಏನಾಗುತ್ತದೆ? ಅದಕ್ಕಿಂತ ಮೊದಲು, ಎರಡು ಜಲಾಶಯಗಳ ನಡುವಿನ ದಂಡೆಯಲ್ಲಿ ವಳ್ಳಕಡವು, ವಂಡಿಪೆರಿಯಾರ್, ಚಪ್ಪಾತ್, ಉಪ್ಪುತರದಂತಹ ಊರುಗಳಿವೆ. ಇಡುಕ್ಕಿ ನೀರನ್ನು ತಡೆದರೂ ಈ ಜನರನ್ನು ತಡೆದು ಉಳಿಸುವುದು ಯಾವುದೂ ಇಲ್ಲ. ಇವರನ್ನು ಬಿಟ್ಟು ಮಾಡಿದ ಸುರಕ್ಷತೆಯ ಲೆಕ್ಕವನ್ನು ನಾನು ಒಪ್ಪಲಾರೆ. 2018ರ ಆಗಸ್ಟ್‌ನ ಮಹಾಪ್ರವಾಹದಲ್ಲಿ ಕಟ್ಟೆಯ ನೀರು 142 ಅಡಿ ಮುಟ್ಟಿದಾಗ ಮಟ್ಟವನ್ನು ತಾತ್ಕಾಲಿಕವಾಗಿ 139.99 ಅಡಿಗೆ ಇಳಿಸಲು ಕೋರ್ಟೇ ಹೇಳಬೇಕಾಯಿತು. 2021ರ ಕೊನೆಯಲ್ಲಿ ಮುನ್ಸೂಚನೆಯಿಲ್ಲದೆ ರಾತ್ರಿ ಹೊತ್ತು ಗೇಟು ತೆರೆದದ್ದರಿಂದ ವಂಡಿಪೆರಿಯಾರ್ ಸುತ್ತಲಿನ ಮನೆಗಳಿಗೆ ನೀರು ನುಗ್ಗಿತೆಂದು ಕೇರಳ ದೂರಿತು. ಕತ್ತಲೆಯಲ್ಲಿ ಹೊಸ್ತಿಲು ದಾಟಿ ಬಂದ ನೀರು ಕಂಡವರಿಗೆ ಯಾವ ಸಮಿತಿಯ ವರದಿಯೂ ಧೈರ್ಯ ತುಂಬದು. 2024ರ ಆಗಸ್ಟ್‌ನಲ್ಲಿ ನಮ್ಮ ತುಂಗಭದ್ರೆಯ 19ನೇ ಕ್ರಸ್ಟ್ ಗೇಟು ಚೈನ್ ತುಂಡಾಗಿ ಕೊಚ್ಚಿಹೋದಾಗ ಕೇರಳದಲ್ಲಿ ಮುಲ್ಲಪೆರಿಯಾರ್‌ನ ಚರ್ಚೆ ಮತ್ತೆ ಕಾವೇರಿದ್ದು ಇದೇ ಕಾರಣಕ್ಕೆ.

ಹಾಗಾದರೆ ತೆಗೆದುಬಿಡುವುದೇ ದಾರಿಯೇ? ಹೊಸ ಕಟ್ಟೆ ಎದ್ದು ನಿಲ್ಲುವ ಮೊದಲು ಹಳೆಯದನ್ನು ತೆಗೆದರೆ ಐದು ಜಿಲ್ಲೆಗಳ ಗದ್ದೆ ಮತ್ತು ಕುಡಿಯುವ ನೀರು ಒಟ್ಟಿಗೆ ಹೋಗುತ್ತವೆ. ಹಾಗೆ ಮಾಡಬೇಕೆಂದು ಕೇರಳ ಸರ್ಕಾರವೂ ಕೇಳಿಲ್ಲ, ತಮಿಳುನಾಡಿಗೆ ನೀರು, ಕೇರಳಕ್ಕೆ ಸುರಕ್ಷತೆ ಎಂಬುದೇ ಅದರ ಘೋಷಣೆ. ಈಗಿನ ಕಟ್ಟೆಯಿಂದ 366 ಮೀಟರ್ ಕೆಳಗೆ ಹೊಸದನ್ನು ಕಟ್ಟುವುದು ಅದರ ಪ್ರಸ್ತಾವ. ಹೊಸ ಕಟ್ಟೆಯ ಒಡೆಯರು ಯಾರು, ಹಳೆಯ ಕರಾರು ಅದಕ್ಕೆ ಅನ್ವಯಿಸುತ್ತದೆಯೇ ಎಂಬ ಶಂಕೆ ತಮಿಳುನಾಡನ್ನು ಬಿಟ್ಟಿಲ್ಲ. ಜಾಗ ಪೆರಿಯಾರ್ ಹುಲಿ ಸಂರಕ್ಷಿತ ಪ್ರದೇಶದ ನಡುವೆ ಇರುವುದರಿಂದ ಕಾಡಿನ ಪ್ರಶ್ನೆಯೂ ಸಣ್ಣದಲ್ಲ. ಹೊಸ ಕಟ್ಟೆಯನ್ನು ತಮಿಳುನಾಡಿನ ಮೇಲೆ ಹೇರಲಾಗದು, ಇಬ್ಬರೂ ಒಪ್ಪಿದರೆ ಬನ್ನಿ ಎಂದು 2014ರ ತೀರ್ಪು ಹೇಳಿದೆ. ಇತ್ತ ಇರುವುದನ್ನು ಬಲಪಡಿಸುವ ಕೆಲಸವೂ ವರ್ಷಗಟ್ಟಲೆ ಮುಂದೆ ಸಾಗಲಿಲ್ಲ. ಬೇಬಿ ಡ್ಯಾಮ್ ಬಲಪಡಿಸಲು ಅಡ್ಡವಿದ್ದ 15 ಮರ ಕಡಿಯಲು 2021ರ ನವೆಂಬರ್‌ನಲ್ಲಿ ಸಿಕ್ಕಿದ್ದ ಅನುಮತಿಯನ್ನು ಕೇರಳ ಕೆಲವೇ ದಿನಗಳಲ್ಲಿ ಹಿಂತೆಗೆದುಕೊಂಡಿತು. ಕಟ್ಟೆ ದುರ್ಬಲ ಎನ್ನುತ್ತಲೇ ಅದನ್ನು ಬಲಪಡಿಸಲು ಬಿಡದಿರುವ ಈ ನಿಲುವು ತಪ್ಪು. ಬಲಪಡಿಸಿದರೆ ಮುಂದೆ 152 ಅಡಿ ಕೇಳುತ್ತಾರೆ ಎಂಬುದು ಅದರ ಹಿಂದಿನ ಅಂಜಿಕೆ.

ಇಲ್ಲಿಯೇ 104 ಅಡಿಯ ಮಾತು ಬರುವುದು. ಸುರಂಗದ ಬಾಯಿ ಎತ್ತರದಲ್ಲಿರುವುದರಿಂದ 104 ಅಡಿಗಿಂತ ಕೆಳಗಿನ ನೀರು ತಮಿಳುನಾಡಿಗೆ ದಕ್ಕುವುದಿಲ್ಲ. 104ರಿಂದ 136ರವರೆಗೆ ಬಳಸಬಹುದಾದ ನೀರು ಸುಮಾರು 6.1 ಟಿಎಂಸಿ, 142ರವರೆಗೆ 7.7, 152ರವರೆಗೆ 10.6. ಅಂದರೆ 136 ಮತ್ತು 152ರ ನಡುವೆ, ಇಷ್ಟು ವರ್ಷ ಎರಡು ರಾಜ್ಯಗಳು ಹೊಡೆದಾಡಿದ ನೀರು, ಸುಮಾರು 4.5 ಟಿಎಂಸಿ. ಸುರಂಗದ ಕೆಳಗೆ ಯಾರಿಗೂ ದಕ್ಕದೆ ನಿಂತಿರುವ ನೀರು 5 ಟಿಎಂಸಿಯಷ್ಟು. ಆನಂದ್ ಸಮಿತಿ ಹೊಸ ಕಟ್ಟೆಯ ಜೊತೆಗೆ ಇನ್ನೊಂದು ಪರ್ಯಾಯವನ್ನೂ ಮುಂದಿಟ್ಟಿತ್ತು: 50 ಅಡಿ ಮಟ್ಟದಲ್ಲಿ ಹೊಸ ಸುರಂಗ ಕೊರೆಯುವುದು. ಕಟ್ಟೆಯ ಮೇಲಿನ ನೀರಿನ ಒತ್ತಡ ಆಳಕ್ಕೆ ತಕ್ಕಂತೆ ಏರುತ್ತದೆ, ಹಾಗಾಗಿ ಮೇಲಿನ ಅಡಿಗಳನ್ನು ಬಿಟ್ಟುಕೊಟ್ಟು ಕೆಳಗಿನ ಅಡಿಗಳನ್ನು ಬಳಸಿಕೊಂಡರೆ ತಗ್ಗಿನ ಊರುಗಳ ಅಪಾಯ ಇಳಿಯುತ್ತದೆ, ಕಂಬಂ ಕಣಿವೆಗೆ ನೀರೂ ಉಳಿಯುತ್ತದೆ. ಕಟ್ಟೆಯನ್ನು ಉಳಿಸುವುದು ಮತ್ತು ತೆಗೆಯುವುದರ ನಡುವೆ ಅದರ ಭಾರ ಇಳಿಸುವುದೆಂಬ ಮೂರನೆಯ ದಾರಿ ಇದು.

ಇದೂ ಖರ್ಚಿಲ್ಲದ ದಾರಿಯಲ್ಲ. ಬೇಸಿಗೆಯಲ್ಲಿ ತೇಕ್ಕಡಿ ಸರೋವರ ಈಗಿಗಿಂತ ಬಹಳ ಕೆಳಗಿಳಿಯುತ್ತದೆ. ಸಂಜೆ ಹೊತ್ತು ಆನೆಗಳು ದಂಡೆಗೆ ಬಂದು ಕುಡಿಯುವ ನೀರು, ದೋಣಿವಿಹಾರವನ್ನು ನಂಬಿದ ಸಂಸಾರಗಳು, ಎರಡಕ್ಕೂ ಅದರ ಪೆಟ್ಟು ತಾಗುತ್ತದೆ. ಹೂಳಿನ ಮಟ್ಟ ಅಳೆಯಬೇಕು, ಹುಲಿ ಕಾಡಿನಡಿ ಬಂಡೆ ಕೊರೆಯಲು ಅನುಮತಿ ಬೇಕು. 1886ರ ಕರಾರಿನಡಿ ಸಿಕ್ಕ 152 ಅಡಿಯ ಹಕ್ಕನ್ನು ತಮಿಳುನಾಡು ಬಳಸದೆ ಬಿಡಬೇಕು, ಹೊಸ ಕಟ್ಟೆಯ ಆಸೆಯನ್ನು ಕೇರಳ ಬದಿಗಿಡಬೇಕು. 2021ರ ಅಣೆಕಟ್ಟು ಸುರಕ್ಷತಾ ಕಾಯ್ದೆಯ ನಂತರ ಕಟ್ಟೆಯ ಉಸ್ತುವಾರಿ ರಾಷ್ಟ್ರೀಯ ಪ್ರಾಧಿಕಾರದ ಕಡೆಗೆ ಸರಿದಿದೆ, ಸಮಗ್ರ ಸುರಕ್ಷತಾ ಪರಿಶೀಲನೆ ನಡೆಸಲು 2024ರಲ್ಲಿ ಮೇಲ್ವಿಚಾರಣಾ ಸಮಿತಿ ಒಪ್ಪಿದೆ. ಕಟ್ಟೆಯ ಮೈಯಿಂದ ತೆಗೆಯುವ ಗಾರೆಯ ಮಾದರಿಗಳ ಜೊತೆಗೆ ಸುರಂಗದ ಸರ್ವೆಯೂ ಆ ಪರಿಶೀಲನೆಯಲ್ಲಿ ಸೇರಬೇಕು, ಎರಡೂ ರಾಜ್ಯಗಳ ಎಂಜಿನಿಯರುಗಳು ಒಂದೇ ಜಾಗದಲ್ಲಿ ನಿಂತು ಅಳೆಯಬೇಕು, ಮತ್ತು ಅಲ್ಲಿಯವರೆಗೆ ವಂಡಿಪೆರಿಯಾರ್‌ನವರಿಗೆ ತಿಳಿಸದೆ ರಾತ್ರಿ ಹೊತ್ತು ಒಂದು ಗೇಟೂ ಏಳಬಾರದು.