ಬಿಟ್ಟ ಸ್ಥಳ ತುಂಬುವಾಗ ಮಿದುಳು ಎಡವುವುದೆಲ್ಲಿ?

ಬಿಟ್ಟ ಸ್ಥಳ ತುಂಬುವ ಕೆಲಸವನ್ನು ಮಿದುಳು ಓದುವಾಗಲೆಲ್ಲ ಮಾಡುತ್ತಲೇ ಇರುತ್ತದೆ. ವಾಕ್ಯ ಮುಗಿಯುವ ಮೊದಲೇ ಮುಂದೇನು ಬರಬಹುದೆಂದು ಅದು ಸಜ್ಜಾಗಿರುತ್ತದೆ. ಮಿದುಳಿನ ಸಂಶೋಧಕರಾದ ಮಾರ್ಟಾ ಕುಟಾಸ್ ಮತ್ತು ಸ್ಟೀವನ್ ಹಿಲ್ಯಾರ್ಡ್ 1980ರಲ್ಲಿ ಇದರ ಗುರುತನ್ನು ಮಿದುಳಿನ ವಿದ್ಯುತ್ ಅಲೆಗಳಲ್ಲಿ ಕಂಡರು. ಅರ್ಥಕ್ಕೆ ಹೊಂದದ ಪದ ಕಣ್ಣಿಗೆ ಬಿದ್ದ ಸುಮಾರು 400 ಮಿಲಿಸೆಕೆಂಡಿಗೆ ಒಂದು ಅಲೆ ಏಳುತ್ತದೆ. ಅದರ ಹೆಸರು ಎನ್‌400. ಆ ಜಾಗಕ್ಕೆ ಹೆಚ್ಚು ಜನ ಊಹಿಸುವ ಪದವೇ ಬಂದರೆ ಅಲೆ ಚಿಕ್ಕದಾಗಿರುತ್ತದೆ.

ಹಾಗಾದರೆ ಮನಸ್ಸಿಗೆ ಮೊದಲು ಹೊಳೆದದ್ದನ್ನೇ ಬರೆದುಬಿಡಬಹುದೇ? ಈ ವಾಕ್ಯ ನೋಡಿ: ‘ಆಕೆ ಮಿತಭಾಷಿ, ಆದರೆ ಅಂದಿನ ಸಭೆಯಲ್ಲಿ ____ ಆಗಿದ್ದಳು.’ ಆಯ್ಕೆಗಳು: ಮೌನಿ, ವಾಚಾಳಿ, ಮಿತವ್ಯಯಿ. ‘ಮಿತಭಾಷಿ’ ಓದಿದೊಡನೆ ಮನಸ್ಸು ‘ಮೌನಿ’ಯತ್ತ ವಾಲುತ್ತದೆ. ದಿಕ್ಕು ತಿರುಗಿಸುವ ‘ಆದರೆ’ಯನ್ನು ಕಣ್ಣು ಓದಿರುತ್ತದೆ, ಲೆಕ್ಕಕ್ಕೆ ತೆಗೆದುಕೊಂಡಿರುವುದಿಲ್ಲ.

ಇದಕ್ಕೆ ಹತ್ತಿರದ ಸಂಗತಿಯೊಂದನ್ನು 1983ರ ಪ್ರಯೋಗವೊಂದು ತೋರಿಸಿತು. ನನಗೆ ಇಡೀ ವಿಷಯದಲ್ಲಿ ಅತ್ಯಂತ ಕುತೂಹಲ ಹುಟ್ಟಿಸಿದ್ದು ಇದೇ. ‘ರಾಬಿನ್ ಮರವಲ್ಲ’ ಎಂಬುದು ನಿಜ, ‘ರಾಬಿನ್ ಪಕ್ಷಿಯಲ್ಲ’ ಎಂಬುದು ಸುಳ್ಳು. ಪ್ರಯೋಗದ ಇಂಗ್ಲಿಷ್ ವಾಕ್ಯಗಳಲ್ಲಿ ‘ಅಲ್ಲ’ ಎಂಬ ಭಾಗ ‘ಮರ’, ‘ಪಕ್ಷಿ’ಗಳಿಗಿಂತ ಮೊದಲೇ ಬಂದಿರುತ್ತದೆ. ಆದರೂ ದೊಡ್ಡ ಅಲೆ ಎದ್ದದ್ದು ನಿಜ ವಾಕ್ಯದ ‘ಮರ’ಕ್ಕೆ. ರಾಬಿನ್‌ಗೂ ಪಕ್ಷಿಗೂ ಇರುವ ನಂಟನ್ನು ಮಿದುಳು ಥಟ್ಟನೆ ಹಿಡಿಯಿತು, ‘ಅಲ್ಲ’ ಎಂಬ ನಿಷೇಧವನ್ನು ಆ ಗಳಿಗೆಯಲ್ಲಿ ಗಣಿಸಲಿಲ್ಲ. ನಿಷೇಧ ಸಹಜವಾಗಿ ಒಪ್ಪುವ ವಾಕ್ಯಗಳಲ್ಲಿ ಮಿದುಳು ಅದನ್ನೂ ಬೇಗ ಗ್ರಹಿಸುತ್ತದೆಂದು 2008ರಲ್ಲಿ ಕಂಡುಬಂತು. ಬಿಟ್ಟ ಸ್ಥಳದ ಪ್ರಶ್ನೆಗಳಲ್ಲಿ ಬರುವವಾದರೋ ಹಿಂದುಮುಂದಿಲ್ಲದ ಬಿಡಿ ವಾಕ್ಯಗಳು; ಅಲ್ಲಿ ಆ ನೆರವನ್ನು ನೆಚ್ಚಿಕೊಳ್ಳುವಂತಿಲ್ಲ.

ಅದಕ್ಕೇ ಆಯ್ಕೆಗಳನ್ನು ಕೈಯಿಂದ ಮುಚ್ಚಿಕೊಂಡು ಓದುವುದು ಒಳ್ಳೆಯದು. ‘ಆದರೆ’, ‘ಆದ್ದರಿಂದ’, ‘ಅಷ್ಟೇ ಅಲ್ಲದೆ’, ‘ಹೊರತು’ ಇಂಥವುಗಳಲ್ಲಿ ನಿಂತು, ಅರ್ಥ ಅದೇ ದಿಕ್ಕಿಗೆ ಹೋಗುತ್ತಿದೆಯೋ ತಿರುಗಿತೋ ಎಂದು ಕೇಳಿಕೊಳ್ಳಬೇಕು. ಆಮೇಲೆ ಖಾಲಿ ಜಾಗಕ್ಕೆ ನಮ್ಮದೇ ಮಾತು: ‘ತುಂಬಾ ಮಾತಾಡುವವಳು’. ಎಂಥ ಸಾದಾ ಮಾತಾದರೂ ಸರಿ. ಈಗ ಆಯ್ಕೆ ನೋಡಿದರೆ ‘ವಾಚಾಳಿ’ ಗೊತ್ತಿಲ್ಲದವರಿಗೂ ಅದರೊಳಗಿನ ‘ವಾಚ’ ಕೈಹಿಡಿಯುತ್ತದೆ; ಉಳಿದೆರಡು ಪದಗಳ ಅರ್ಥ ಗೊತ್ತಿದ್ದರೆ ಅಷ್ಟೂ ಬೇಡ.

ಕೆಲವು ಪ್ರಶ್ನೆಗಳಲ್ಲಿ ಸುಳಿವೇ ಇರುವುದಿಲ್ಲ. ‘ಅವನು ____ ಸ್ವಭಾವದವನು’ ಎಂದಷ್ಟೇ ಕೊಟ್ಟರೆ ಶಾಂತ, ಕೋಪಿಷ್ಠ, ಉದಾರ ಎಲ್ಲವೂ ಹೊಂದುತ್ತವೆ. ಅಲ್ಲಿ ಪ್ರಶ್ನೆ ತೆಗೆದವರು ಎಣಿಸಿದ್ದಕ್ಕಿಂತ ಬೇರೆ ಉತ್ತರ ಬರೆದ ವಿದ್ಯಾರ್ಥಿಯ ಅಂಕ ಕಳೆಯುವುದು ಅನ್ಯಾಯ, ತಿದ್ದಬೇಕಾದದ್ದು ಪ್ರಶ್ನೆಯನ್ನು.